ಆರು ತುಂಬದ ಮಕ್ಕಳು

ಜೂನ್ 9

ಮಗಳೇ,

ಹೊಸ ಕಟ್ಟಳೆಯ ಪ್ರಕಾರ ಬರೆಯುತ್ತಿರುವ ಮೊದಲ ಪತ್ರ ಇದು. ಇನ್ನು ಮೇಲೆ ನಾನು ಫೋನ್ ಮಾಡಬಾರದು, ಮಾಡಿದರೂ ನೀನು ಎತ್ತುವುದಿಲ್ಲ. ಏನಿದ್ದರೂ ಕಾಗದದಲ್ಲಿ, ಆ ಕಾಗದದ ನಕಲು ನಿಮ್ಮ ಆಫೀಸಿನ ಗುಮಾಸ್ತರ ಬೀರುವಿನಲ್ಲಿ. ಹೆತ್ತ ಮಗಳಿಗೆ ಕೆಮ್ಮು ವಾಸಿಯಾಯಿತೇ ಎಂದು ಕೇಳಿದರೆ ಅದನ್ನೂ ಫೈಲಿಗೆ ಸೇರಿಸುತ್ತಾರಂತೆ. ಗುಮಾಸ್ತರೇ, ನಿಮಗೂ ನಮಸ್ಕಾರ. ನನ್ನ ಅಕ್ಷರ ದುಂಡಗಿದೆ, ನಿಮ್ಮ ಕಣ್ಣಿಗೆ ತೊಂದರೆಯಾಗದು.

"ಅವಳು ಮಾತು ಕೊಟ್ಟಿದ್ದಾಳೆ, ನೀನು ಕೆಣಕಬೇಡ" ಅನ್ನುತ್ತಾರೆ ನಿಮ್ಮಪ್ಪ. ನಾನೆಲ್ಲಿ ಕೆಣಕುತ್ತಿದ್ದೇನೆ? ನನಗೆ ಅರ್ಥವಾದಷ್ಟನ್ನು ಬರೆಯುತ್ತೇನೆ, ತಪ್ಪಿದ್ದರೆ ನೀನು ತಿದ್ದುವ ಹಾಗೂ ಇಲ್ಲ. ನಮ್ಮ ಶಿಶುವಿಹಾರ ನಡೆಯುವುದು ಶಾಲಾ ನಿಧಿಯಿಂದ. ಶಾಲಾ ನಿಧಿ ಇರುವುದು ಆರು ತುಂಬಿದ ಮಕ್ಕಳಿಗೆ ಅಂತ ಕಾನೂನಿನಲ್ಲಿ ಬರೆದಿದೆ. ನನ್ನ ಕೋಣೆಯಲ್ಲಿರುವವು ನಾಲ್ಕು, ಐದರವು. ಆದ್ದರಿಂದ ನನ್ನ ಕೋಣೆಯೇ ಕಾನೂನಿಗೆ ವಿರುದ್ಧ ಅಂತ ನಮ್ಮೂರಿನ ಬಸ್ ಡ್ರೈವರ್ ಕೋರ್ಟಿಗೆ ಹೋಗಿದ್ದಾನೆ. ಪುರಸಭೆಯ ಪರವಾಗಿ ವಾದಿಸುವವರು ನಿನ್ನ ಸೀನಿಯರ್. ನೀನು ಅವರ ಕೈಕೆಳಗಿದ್ದೀಯ, ದುರದೃಷ್ಟಕ್ಕೆ ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದೀಯ. ಎದುರು ಪಕ್ಷದ ವಕೀಲರು ಅದನ್ನೇ ಹಿಡಿದುಕೊಂಡರು, ನೀನು ಜಡ್ಜ್ ಮುಂದೆ ಬಾಯಿಗೆ ಬೀಗ ಹಾಕಿಕೊಂಡೆ. ಇಷ್ಟೇ ತಾನೆ?

ಇಲ್ಲಿ ಎಲ್ಲ ಎಂದಿನಂತಿದೆ. ಮರಳಿನ ತೊಟ್ಟಿಗೆ ಹೊಸ ಮರಳು ಬಂತು, ಅದರ ಹಿಂದೆಯೇ ಒಂದು ಬೆಕ್ಕೂ ಬಂತು. ಬೆಕ್ಕನ್ನು ಓಡಿಸುವುದು ಈಗ ದೊಡ್ಡ ಮಕ್ಕಳ ಪಾಳಿಯ ಕೆಲಸ. ದೊಡ್ಡವರು ಅಂದರೆ ಐದು ತುಂಬಿದವರು. ಹೊಸದಾಗಿ ಒಬ್ಬ ಸೇರಿದ್ದಾನೆ. ಅಂಗಿಯ ಗುಂಡಿ ಕಚ್ಚಿ ಕಚ್ಚಿ ಕಿತ್ತುಬಿಡುತ್ತಾನೆ, ಅದಕ್ಕೇ ಎಲ್ಲರೂ ಅವನನ್ನು ಗುಂಡಿ ಅಂತಲೇ ಕರೆಯುವುದು. ತಾಯಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಮೊದಲು ಅವನನ್ನು ಮನೆಯಲ್ಲಿ ಕೂಡಿಹಾಕಿ ಹೋಗುತ್ತಿದ್ದಳಂತೆ. ಅಕ್ಕಪಕ್ಕದವರು ಅಳು ಕೇಳಲಾರೆವು ಅಂದ ಮೇಲೆ ಕೆಲಸಕ್ಕೇ ಕರೆದೊಯ್ದಳು, ಅಲ್ಲಿ ಅವನು ಇಸ್ತ್ರಿಪೆಟ್ಟಿಗೆಯ ಮೇಲೆ ಅಂಗೈ ಊರಿದ. ಗಾಯ ಮಾಗಿದೆ, ಆದರೆ ಬೆರಳುಗಳು ಇನ್ನೂ ಪೂರ್ತಿ ಬಿಚ್ಚುವುದಿಲ್ಲ. ಒದ್ದೆ ಮಣ್ಣಿನಲ್ಲಿ ಆಡಿಸುತ್ತಿದ್ದೇನೆ. ಮಣ್ಣು ಹಿಸುಕುವಾಗ ಅವನಿಗೆ ಕೈ ನೋಯುವುದು ಮರೆತುಹೋಗುತ್ತದೆ.

ಹೆಡ್ಮಾಸ್ಟರರು ಎಂದಿನ ಹಾಗೆ ಬಾಗಿಲಲ್ಲಿ ನಿಂತು, "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನ್ರೀ? ನಾಲ್ಕಕ್ಷರ ಕಲಿಸಬಾರದಾ?" ಅನ್ನುತ್ತಾರೆ. ನಾನು ಎಂದಿನ ಹಾಗೆ, "ಆರು ತುಂಬೋವರೆಗೆ ಪೆನ್ಸಿಲ್ ಇಲ್ಲ ಸಾರ್, ಬೆರಳು ಮೊದಲು ಮಣ್ಣು ಕಲಸಲಿ" ಅನ್ನುತ್ತೇನೆ. ಇಬ್ಬರಿಗೂ ಇದು ಬಾಯಿಪಾಠವಾಗಿದೆ.

ಕೆಮ್ಮು ವಾಸಿಯಾಯಿತೇ?

ನಿನ್ನ ಅಮ್ಮ


ಜೂನ್ 17

ಪ್ರೀತಿಯ ಅಮ್ಮ,

ಕೆಮ್ಮು ವಾಸಿಯಾಯಿತು. ಗುಮಾಸ್ತರು ನಿನ್ನ ನಮಸ್ಕಾರ ಓದಿ ಕಿವಿಯವರೆಗೂ ಕೆಂಪಾದರು. "ನಿಮ್ಮ ತಾಯಿಯವರ ಅಕ್ಷರ ನಿಜವಾಗ್ಲೂ ಚೆನ್ನಾಗಿದೆ" ಎಂದು ಹೇಳಿ, ನಕಲು ತೆಗೆದು, ಬೀರುವಿಗೆ ಹಾಕಿ ಬೀಗ ಹಾಕಿದರು.

ನೀನು ಬರೆದಿರುವುದು ಸರಿಯೇ ತಪ್ಪೇ ಎಂದು ನಾನು ಹೇಳುವಂತಿಲ್ಲ. ಕೇಸಿನ ಬಗ್ಗೆ ನಿನಗೆ ಒಂದು ಮಾತನ್ನೂ ಹೇಳುವುದಿಲ್ಲ, ಕೋಣೆಯಲ್ಲಿ ಏನು ಮಾಡಬೇಕು ಏನು ಮಾಡಬಾರದು ಎಂದು ಸೂಚಿಸುವುದಿಲ್ಲ ಎಂದು ಬರೆದುಕೊಟ್ಟು ಸಹಿ ಹಾಕಿದ್ದೇನೆ. ಈ ಕೇಸಿನಿಂದ ನನ್ನನ್ನು ಬಿಟ್ಟುಬಿಡಿ ಎಂದು ಸೀನಿಯರ್ ಅವರನ್ನು ಕೇಳಿದೆ. "ಆಫೀಸಿನಲ್ಲಿ ಇರೋದೇ ನಾನು, ನೀನು. ನಿನ್ನ ಬಿಟ್ರೆ ಕುರ್ಚಿ ವಾದ ಮಾಡುತ್ತಾ?" ಎಂದರು. ನಿಜ ಹೇಳಬೇಕೆಂದರೆ ನನಗೂ ಬಿಡಲು ಮನಸ್ಸಿರಲಿಲ್ಲ. ಇಲ್ಲಿ ಕೂತು ನಿನ್ನ ಕೋಣೆಗಾಗಿ ಪುಸ್ತಕ ತಿರುವಿಹಾಕುತ್ತಿದ್ದರೆ ನಿನಗೆ ಏನೋ ಉಪಯೋಗಕ್ಕೆ ಬರುತ್ತಿದ್ದೇನೆ ಅನ್ನಿಸುತ್ತದೆ. ಇಷ್ಟು ಬರೆಯಬಹುದು ಎಂದುಕೊಳ್ಳುತ್ತೇನೆ.

ನನ್ನ ರೂಮು ಸೈಕಲ್ ರಿಪೇರಿ ಅಂಗಡಿಯ ಮೇಲಿದೆ. ಬೆಳಗ್ಗೆ ಟ್ಯೂಬಿಗೆ ಗಾಳಿ ತುಂಬುವ ಸದ್ದಿಗೇ ಏಳುತ್ತೇನೆ. ಕಿಟಕಿಗೆ ಪರದೆಯಿಲ್ಲ, ಎದುರಿನ ಮನೆಯ ಅಜ್ಜಿ ನನ್ನನ್ನೂ ನಾನು ಅವರನ್ನೂ ನೋಡುತ್ತಾ ಹಲ್ಲುಜ್ಜುತ್ತೇವೆ. ಅಪ್ಪನಿಗೆ ಹೇಳು, ಅವರು ಅಂಗಡಿಯಲ್ಲಿ ಮಾಡಿಕೊಟ್ಟ ಹೊಸ ಕನ್ನಡಕ ಚೆನ್ನಾಗಿ ಕೂರುತ್ತಿದೆ.

ನಿನ್ನ
ಮಗಳು


ಜುಲೈ 3

ಮಗಳೇ,

ಮೊನ್ನೆ ಸಂತೆಗೆ ಹೋಗಲು ಬಸ್ ಹತ್ತಿದೆ. ನೋಡಿದರೆ ಅದೇ ಡ್ರೈವರ್. ಇಳಿದುಬಿಡೋಣವೆನ್ನಿಸಿತು, ಆದರೆ ಊರಿಗಿರುವುದೇ ಒಂದು ಬಸ್ಸು. ಅವನ ಹಿಂದಿನ ಸೀಟಿನಲ್ಲೇ ಕೂತೆ. ರೈಲ್ವೆ ಗೇಟು ಹಾಕಿತ್ತು. ಎಂಜಿನ್ ಆರಿಸಿ ಅವನೇ ಕತ್ತು ತಿರುಗಿಸಿದ.

"ಟೀಚರ್, ನಿಮ್ಮ ಮೇಲೆ ನಂಗೇನೂ ಇಲ್ಲ. ನನ್ನ ಮಗಳೂ ನಿಮ್ಮ ಕೈಲೇ ಬೆಳೆದೋಳು. ಈಗ ಏಳನೇ ಕ್ಲಾಸು. ಗಣಿತಕ್ಕೆ ಮೇಷ್ಟ್ರಿಲ್ಲ. ಮಳೆ ಬಂದ್ರೆ ಬೆಂಚು ಎಳ್ಕೊಂಡು ಮೂಲೆಯಿಂದ ಮೂಲೆಗೆ ಓಡ್ತಾರೆ. ಅವಳಿಗೆ ಅಂತ ಇಟ್ಟಿರೋ ದುಡ್ಡಲ್ಲಿ ನೀವು ಮರಳಾಟ ಆಡಿಸ್ತೀರಿ. ಅಲ್ಲಿ ಕಲ್ಸೋದಾದ್ರೂ ಏನಿದೆ, ನೀವೇ ಹೇಳಿ."

ಸಿಟ್ಟು ಬಂತು. ಆದರೆ ಆ ಸೋರುವ ಮಾಡನ್ನು ನಾನೂ ನೋಡಿದ್ದೇನೆ. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ, ಅದೇ ಸಂಕಟ. "ನಿನ್ನ ಮಗಳಿಗೂ ಮೇಷ್ಟ್ರು ಬೇಕು, ಇವಕ್ಕೂ ಜಾಗ ಬೇಕು ಕಣಪ್ಪಾ" ಅಂದೆ. "ಎರಡೂ ಬೇಕು ಅಂದ್ರೆ ಕೊಡೋರು ಯಾರು ಟೀಚರ್?" ಅಂದ. ಅಷ್ಟರಲ್ಲಿ ಗೇಟು ತೆಗೆಯಿತು.

ಪೇಪರಿನಲ್ಲಿ "ಆಟಕ್ಕೂ ಸರ್ಕಾರದ ದುಡ್ಡೇ?" ಅಂತ ದಪ್ಪ ಅಕ್ಷರದಲ್ಲಿ ಬಂದಿದೆ. ಸೋಪು ತರಲು ಹೋದರೆ ಅಂಗಡಿಯವನು, "ಏನ್ ಟೀಚರ್, ಇವತ್ತು ಮರಳಲ್ಲಿ ಎಷ್ಟು ಮಾರ್ಕ್ಸ್ ಕೊಟ್ರಿ?" ಅಂತ ಹಲ್ಲು ಕಿರಿದ. ನಾನೂ ನಕ್ಕೆ. ಮನೆಗೆ ಬಂದು ಸೋಪನ್ನು ಬಚ್ಚಲಿಗೆ ಎಸೆದೆ. ನಿಮ್ಮಪ್ಪ ಎತ್ತಿಟ್ಟರು.

ಇವತ್ತು ನೋಟೀಸು ಬಂದಿದೆ. ಆಗಸ್ಟ್ ಕೊನೆಗೆ ಕೋರ್ಟಿನ ಕಡೆಯಿಂದ ಒಬ್ಬರು ಕಮಿಷನರ್ ಬಂದು, ಕೋಣೆಯಲ್ಲಿ ದಿನವೂ ಏನು ನಡೆಯುತ್ತದೆ ಅಂತ ಕೂತು ನೋಡಿ ವರದಿ ಬರೆಯುತ್ತಾರಂತೆ. ತೀರ್ಪು ಆ ವರದಿಯ ಮೇಲೆ ನಿಂತಿದೆ ಅಂತ ಹೆಡ್ಮಾಸ್ಟರರು ಹೇಳುತ್ತಾರೆ. ಅವರಿಗೂ ಅದಕ್ಕಿಂತ ಹೆಚ್ಚು ಗೊತ್ತಿಲ್ಲ.

ಗುಂಡಿಯ ಹೆಬ್ಬೆರಳು ಈಗ ಪೂರ್ತಿ ಬಿಚ್ಚುತ್ತದೆ. ಗುಂಡಿ ಕಚ್ಚುವುದನ್ನೂ ಹೆಚ್ಚುಕಮ್ಮಿ ಬಿಟ್ಟಿದ್ದಾನೆ. ಕೋಣೆ ಮುಚ್ಚಿದರೆ ಅವನು ಮತ್ತೆ ಆ ಇಸ್ತ್ರಿಮೇಜಿನ ಕೆಳಗೇ ಹೋಗಬೇಕು, ಇಲ್ಲವೇ ಬೀಗ ಹಾಕಿದ ಮನೆಯೊಳಗೆ. ನನಗೆ ಬೇರೇನೂ ಬೇಡ ಮಗಳೇ. ಬಂದವರಿಗೆ ನಾನು ಏನು ತೋರಿಸಬೇಕು? ಹೂಂ ಅನ್ನು, ಊಹೂಂ ಅನ್ನು. ಗುಮಾಸ್ತರೇ, ಆ ಹೊತ್ತಿಗೆ ನೀವು ಸ್ವಲ್ಪ ನೀರು ಕುಡಿಯಲು ಎದ್ದು ಹೋಗಬಾರದೇ?

ನಿನ್ನ ಅಮ್ಮ


ಜುಲೈ 14

ಪ್ರೀತಿಯ ಅಮ್ಮ,

ದಯವಿಟ್ಟು ಹೀಗೆ ಕೇಳಬೇಡ. ನೀನು ಕೇಳಿದ್ದೂ ಫೈಲಿನಲ್ಲಿರುತ್ತದೆ.

ಬರುವವರು ಬರಲಿ. ನೀನು ಎಂದಿನ ಹಾಗೇ ಇರು. ಇದಕ್ಕಿಂತ ಹೆಚ್ಚು ಬರೆಯಲಾರೆ.

ನನ್ನ ಚಪ್ಪಲಿ ಕಿತ್ತುಹೋಗಿ ಕೋರ್ಟಿನ ಮೆಟ್ಟಿಲ ಮೇಲೆ ಒಂಟಿ ಕಾಲಿನಲ್ಲಿ ನಿಂತಿದ್ದೆ. ಎದುರು ಪಕ್ಷದ ವಕೀಲರೇ ಪಿನ್ ಕೊಟ್ಟರು. ಒಳ್ಳೆಯ ಮನುಷ್ಯ.

ನಿನ್ನ
ಮಗಳು


ಆಗಸ್ಟ್ 6

ಮಗಳೇ,

"ಎಂದಿನ ಹಾಗೇ ಇರು" ಅಂದೆಯಲ್ಲ, ಆ ಮಾತನ್ನು ನಾನೂ ನಿಮ್ಮಪ್ಪನೂ ಊಟಕ್ಕೆ ಕೂತಾಗಲೆಲ್ಲ ಹಿಂಜಿ ಹಿಂಜಿ ನೋಡಿದೆವು. "ಧೈರ್ಯವಾಗಿರು ಅಂತಾಳೆ, ಅಷ್ಟೇ" ಅಂದರು ಅವರು. ದೂರವಿರುವ ಮಕ್ಕಳು ತಾಯಿಗೆ ಬರೆಯುವುದೇ ಹೀಗೆ. ನಾನೂ ಒಪ್ಪಿದೆ.

ನಿಜವಾಗಿಯೂ ಎಂದಿನ ಹಾಗೇ ಇದ್ದರೆ ಬಂದವರ ಕಣ್ಣಿಗೆ ಕಾಣುವುದೇನು ಹೇಳು? ಗುಂಡಿ ಸೊಂಟದವರೆಗೆ ಮರಳಿನಲ್ಲಿ ಮುಳುಗಿರುತ್ತಾನೆ. ಇಬ್ಬರು ನೀರಿನ ಬಕೆಟ್ಟಿಗೆ ಕಿತ್ತಾಡುತ್ತಿರುತ್ತಾರೆ. ಒಬ್ಬಳು ಮೇಜಿನ ಕೆಳಗೆ ನಿದ್ದೆ ಹೋಗಿರುತ್ತಾಳೆ. ನಾನು ಯಾರದೋ ಮೂಗು ಒರೆಸುತ್ತಿರುತ್ತೇನೆ. ಇದರಲ್ಲಿ ಏನಿದೆ ಅಂತ ನನಗೆ ಗೊತ್ತು, ನಿನಗೆ ಗೊತ್ತು. ಒಂದೇ ದಿನಕ್ಕೆ ಬಂದು ಹೋಗುವವರಿಗೆ ಹೇಗೆ ಗೊತ್ತಾಗಬೇಕು? "ಅಲ್ಲಿ ಕಲ್ಸೋದಾದ್ರೂ ಏನಿದೆ" ಅಂತ ಡ್ರೈವರ್ ಕೇಳಿದ್ದನ್ನೇ ಅವರೂ ಕೇಳುತ್ತಾರೆ.

ಹಾಗಾಗಿ ನಾನು ಬಗ್ಗಿದೆ. ಗಿಡವಾಗಿ ಅಲ್ಲ, ಮರವಾಗಿ. ಹೆಡ್ಮಾಸ್ಟರರಿಗೆ ಹೋಗಿ, "ಪೆನ್ಸಿಲ್ ಕೊಡಿಸಿ ಸಾರ್" ಅಂದೆ. ಅವರ ಮುಖ ನೀನು ನೋಡಬೇಕಿತ್ತು, ಮನೆಯಲ್ಲಿ ಮದುವೆ ಗೊತ್ತಾದವರ ಹಾಗೆ ಆಯಿತು. ತಾವೇ ಪೆನ್ಸಿಲ್ ಹೆರೆದು ತಂದರು. ಗೋಡೆಗೆ ಅಕ್ಷರಮಾಲೆ ಬಂತು, ಕರಿಹಲಗೆ ಬಂತು. ಮರಳಿನ ತೊಟ್ಟಿಯ ಮೇಲೆ ಹಲಗೆ ಮುಚ್ಚಿ ಬಟ್ಟೆ ಹೊದಿಸಿದ್ದೇವೆ. ಮಣ್ಣಿನ ಡಬ್ಬಿಗಳು ಅಟ್ಟ ಸೇರಿವೆ. ಮಕ್ಕಳು ಸಾಲಾಗಿ ಕೂರುತ್ತವೆ. ಕೂರುತ್ತವೆ ಅಂದರೆ, ಕೂರಿಸುತ್ತೇನೆ.

ಗುಂಡಿ ಮೊದಲ ದಿನ ಅತ್ತ. ಪೆನ್ಸಿಲನ್ನು ಪೊರಕೆಯ ಹಾಗೆ ಮುಷ್ಟಿಯಲ್ಲಿ ಹಿಡಿದು ಕಾಗದ ಹರಿದ. ಆಮೇಲೆ ಏನು ಹಟ ಬಂತೋ, ಎಲ್ಲರಿಗಿಂತ ಮೊದಲು ಅವನೇ "ಅ" ಬರೆದ. ಉಲ್ಟಾ ಬರೆದ. ಈಗ ಒಂದೊಂದು ಸಲ ನೆಟ್ಟಗೂ ಬರುತ್ತದೆ. ಬರೆದಾಗೆಲ್ಲ ನನ್ನ ಮುಖ ನೋಡುತ್ತಾನೆ, ನಾನು "ಭೇಷ್" ಅನ್ನುವವರೆಗೆ ಉಸಿರು ಬಿಡುವುದಿಲ್ಲ. ಗುಂಡಿ ಕಚ್ಚುವುದು ಮತ್ತೆ ಶುರುವಾಗಿದೆ. ಅದೊಂದು ನನಗೆ ಸರಿಬರುತ್ತಿಲ್ಲ.

ಇರಲಿ. ಕೋರ್ಟಿನವರು ಬಂದು ಹೋಗಲಿ, ಮರುದಿನವೇ ಪೆನ್ಸಿಲ್ ಕಿತ್ತುಕೊಂಡು ಮಣ್ಣು ಕೊಡುತ್ತೇನೆ. ನಿನ್ನ ಸೀನಿಯರ್ ಸಾಹೇಬರಿಗೆ ಹೇಳು, ಅವರ ಕೆಲಸ ಹಗುರ ಮಾಡುತ್ತಿದ್ದೇನೆ. ಹೇಳುವಂತಿಲ್ಲವಲ್ಲ, ಮರೆತೆ. ಅವರೇ ಓದಿಕೊಳ್ಳುತ್ತಾರೆ ಬಿಡು.

ನಿನ್ನ ಅಮ್ಮ


ಆಗಸ್ಟ್ 13

ಅಮ್ಮ,

ನಿನ್ನ ಪತ್ರ ಬಂತು. ಓದಿದೆ. ಗುಮಾಸ್ತರೂ ಓದಿದರು. ಈ ಸಲ ಅವರು ನಿನ್ನ ಅಕ್ಷರದ ಬಗ್ಗೆ ಏನೂ ಹೇಳಲಿಲ್ಲ.

ಉತ್ತರ ಬರೆಯುತ್ತೇನೆ, ಹರಿಯುತ್ತೇನೆ. ಏನು ಬರೆದರೂ ಬರೆಯಬಾರದ್ದೇ ಆಗುತ್ತದೆ.

ಕಿಟಕಿಗೆ ಪರದೆ ಹಾಕಿಸಿದೆ, ನೀಲಿ ಬಣ್ಣದ್ದು. ಎದುರುಮನೆಯ ಅಜ್ಜಿ ಬೇಸರ ಮಾಡಿಕೊಂಡಿದ್ದಾರೆ. ಸೆಕೆ ಜಾಸ್ತಿ. ಅಪ್ಪನ ಮಂಡಿನೋವು ಹೇಗಿದೆ?

ಅಮ್ಮ, ನನಗೆ ತುಂಬಾ ಕಷ್ಟವಾಗುತ್ತಿದೆ. ಯಾಕೆ ಎಂದು ಕೇಳಬೇಡ. ಬರೀ ಕಷ್ಟವಾಗುತ್ತಿದೆ ಎಂದು ಹೇಳಿಕೊಳ್ಳುತ್ತಿದ್ದೇನೆ.

ನಿನ್ನ
ಮಗಳು


ಆಗಸ್ಟ್ 30

ಮಗಳೇ,

ಏನು ಕಷ್ಟ? ಯಾರಾದರೂ ಹುಡುಗನ ವಿಷಯವೇ? ಬರಿ, ನಾನೇನೂ ಬೈಯುವುದಿಲ್ಲ. ನಿಮ್ಮಪ್ಪನಿಗೆ ನಿಧಾನವಾಗಿ ಹೇಳುತ್ತೇನೆ. ಗುಮಾಸ್ತರೇ ಏನಾದರೂ ಆ ಹುಡುಗನಾಗಿದ್ದರೆ, ಕ್ಷಮಿಸಿ, ಇಷ್ಟು ದಿನ ನಾನು ನಿಮ್ಮನ್ನು ಮುದುಕರು ಅಂದುಕೊಂಡಿದ್ದೆ.

ಕಮಿಷನರ್ ಬಂದು ಹೋದರು. ಗೆದ್ದೆವು ಅಂತಲೇ ಅಂದುಕೋ!

ಹೆಂಗಸು, ನನ್ನ ವಯಸ್ಸಿನವರು, ಕೈಯಲ್ಲಿ ಛತ್ರಿ. ದೊಡ್ಡ ಕುರ್ಚಿ ತರಿಸುತ್ತೇನೆ ಅಂದರೂ ಬೇಡವೆಂದು ಮಕ್ಕಳ ಕುರ್ಚಿಯಲ್ಲೇ ಕೂತರು, ಮಂಡಿ ಗಲ್ಲಕ್ಕೆ ಬಡಿಯುತ್ತಿತ್ತು. ಮಕ್ಕಳು ಒಂದು ಸದ್ದಿಲ್ಲ. ಅಕ್ಷರ ಹೇಳಿದವು, ಅಂಕಿ ಹೇಳಿದವು. ಸದಾ ಕಿರುಚುವ ಒಬ್ಬಳಿದ್ದಾಳೆ, ಅವಳೂ ಕೈಕಟ್ಟಿ ಕೂತಿದ್ದಳು. ಗುಂಡಿಯನ್ನು ಕರಿಹಲಗೆಗೆ ಕರೆದೆ. ಕೈ ಎತ್ತರಕ್ಕೆ ನಿಲುಕದೆ ಕುರ್ಚಿ ಹತ್ತಿಸಿದೆ. ಬರೆದ ನೋಡು "ಅ", ಅಚ್ಚು ಹಾಕಿದ ಹಾಗೆ! ಕಮಿಷನರಮ್ಮ ಚಪ್ಪಾಳೆ ತಟ್ಟಿದರು. "ನನ್ನ ಮೊಮ್ಮಗನಿಗೆ ಏಳು ತುಂಬಿದೆ, ಅವನಿಗೇ ಇಷ್ಟು ಚೆನ್ನಾಗಿ ಬರಲ್ಲ" ಅಂದರು. ಗುಂಡಿ ಕುರ್ಚಿಯಿಂದ ಇಳಿಯಲೇ ಒಪ್ಪಲಿಲ್ಲ.

"ದಿನವೂ ಹೀಗೆಯೇ ನಡೆಯುತ್ತಾ?" ಅಂತ ಕೇಳಿದರು. "ದಿನವೂ ಹೀಗೆಯೇ ಮೇಡಂ, ಒಂದನೇ ಕ್ಲಾಸಿಗೆ ಏನೂ ಕಮ್ಮಿ ಇಲ್ಲ" ಅಂದರು ಹೆಡ್ಮಾಸ್ಟರರು. ನಾನೂ ತಲೆಯಾಡಿಸಿದೆ. ಬಟ್ಟೆ ಹೊದಿಸಿದ್ದನ್ನು ತೋರಿಸಿ, "ಅದರಡಿ ಏನು?" ಅಂದರು. "ಅದು ಸುಮ್ನೆ, ಹಳೇ ಮರಳು" ಅಂತ ಹೆಡ್ಮಾಸ್ಟರರು ಹೇಳುವಾಗ ನಾನು ಬಟ್ಟೆಯ ಅಂಚನ್ನು ಇನ್ನಷ್ಟು ಕೆಳಗೆ ಎಳೆದೆ. ಹೊರಡುವಾಗ ನನ್ನ ಎರಡೂ ಕೈ ಹಿಡಿದು, "ಎಷ್ಟು ಚೆನ್ನಾಗಿ ಕಲಿಸಿದ್ದೀರಿ, ಹೀಗೇ ಬರೀತೀನಿ" ಅಂದರು.

ನಿಮ್ಮಪ್ಪ ಅಂಗಡಿ ಬೇಗ ಮುಚ್ಚಿ ಬಂದರು. ಇವತ್ತು ಅವರದೇ ಅಡುಗೆ. ಉಪ್ಪು ಹಾಕಿರಲಿಲ್ಲ, ಇಬ್ಬರೂ ಗಮನಿಸದೆ ಉಂಡೆವು.

ಮರಳಿನ ಬಟ್ಟೆಯನ್ನು ನಾಳೆಯೇ ತೆಗೆಯೋಣವೆಂದಿದ್ದೆ. ತೀರ್ಪು ಬರುವವರೆಗೆ ಹೀಗೇ ಇರಲಿ, ಮತ್ತೆ ಯಾರಾದರೂ ಬಂದಾರು ಅನ್ನುತ್ತಾರೆ ಹೆಡ್ಮಾಸ್ಟರರು. ಅದೂ ಸರಿಯೇ ಅನ್ನಿಸಿತು.

ನಿನ್ನ ಅಮ್ಮ


ನವೆಂಬರ್ 11

ಅಮ್ಮ,

ನೀನು ಪೇಪರಿನಲ್ಲಿ ನೋಡಿರುತ್ತೀಯ. ಸೋತೆವು. ಈ ತಿಂಗಳ ಕೊನೆಯವರೆಗೆ ಮಾತ್ರ ಕೋಣೆ ತೆರೆದಿರಬಹುದು. ಆಮೇಲೆ ಆರು ತುಂಬದ ಮಕ್ಕಳನ್ನು ಶಾಲೆಯ ಆವರಣದೊಳಗೆ ಸೇರಿಸುವಂತಿಲ್ಲ.

ಅಪೀಲು ಹಾಕುತ್ತೇವೆ. ಮೇಲಿನ ಕೋರ್ಟಿನಲ್ಲಿ ಸರದಿ ಬರಲು ಎರಡು ವರ್ಷವಾದರೂ ಆಗುತ್ತದೆ ಎಂದು ಸೀನಿಯರ್ ಹೇಳುತ್ತಾರೆ. ಆಗ ಗೆದ್ದರೂ ನಿನ್ನ ಈಗಿನ ಮಕ್ಕಳಿಗೆಲ್ಲ ಆರು ತುಂಬಿಹೋಗಿರುತ್ತದೆ. ಇದನ್ನು ಬರೆಯಬಾರದಿತ್ತೇನೋ. ನಿನಗೆ ಸುಳ್ಳು ಸಮಾಧಾನ ಹೇಳಲು ನನಗೆ ಬರುವುದಿಲ್ಲ.

ಕಾನೂನಿನಲ್ಲೇ ಕೊರತೆಯಿತ್ತು. ನೀನು ಮಾಡಬಹುದಾದ್ದನ್ನೆಲ್ಲ ಮಾಡಿದೆ. ತೀರ್ಪಿನ ಪ್ರತಿ ಓದುವ ಕಷ್ಟ ತೆಗೆದುಕೊಳ್ಳಬೇಡ, ಬರೀ ವಕೀಲರ ಭಾಷೆ, ತಲೆಬುಡ ತಿಳಿಯುವುದಿಲ್ಲ.

ನಾನು ಕೊಟ್ಟ ಮಾತು ಈ ತೀರ್ಪಿನವರೆಗೆ ಮಾತ್ರ, ಈಗ ಫೋನ್ ಮಾಡಬಹುದು. ಯಾಕೋ ಕೈ ಬರುತ್ತಿಲ್ಲ.

ನಿನ್ನ
ಮಗಳು


ನವೆಂಬರ್ 20

ಚಿರಂಜೀವಿ ಮಗಳಿಗೆ,

ನಾನು ಪತ್ರ ಬರೆದವನಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ. ನಿನ್ನ ಅಮ್ಮ ಹೆಡ್ಮಾಸ್ಟರರ ಹತ್ತಿರ ತೀರ್ಪಿನ ಪ್ರತಿ ಇಸಿದುಕೊಂಡು ಬಂದಳು. ಅಕ್ಷರ ಸಣ್ಣವು. ಅಂಗಡಿಗೇ ಬಂದು ನನ್ನ ಭೂತಗನ್ನಡಿ ತೆಗೆದುಕೊಂಡು, ಗಿರಾಕಿಗಳು ಕೂರುವ ಸ್ಟೂಲಿನಲ್ಲಿ ಕೂತು ಮೊದಲಿಂದ ಕೊನೆಯವರೆಗೆ ಓದಿದಳು. ಗಿರಾಕಿಯೊಬ್ಬ ಬಂದು ನಿಂತೇ ಇದ್ದ, ಇವಳು ಏಳಲಿಲ್ಲ.

"ಒಂದು ಮಗು ಅಕ್ಷರ ಬರೆದು ತೋರಿಸಿತು" ಎಂಬಲ್ಲಿ ಬೆರಳಿಟ್ಟು ನನ್ನನ್ನು ಕರೆದಳು. ನಾನೂ ಓದಿದೆ. ನನಗೆ ಪೂರ್ತಿ ತಿಳಿಯಲಿಲ್ಲ, ಅವಳಿಗೆ ತಿಳಿದಿದೆ. ಅಂದಿನಿಂದ ಊಟ ಬಡಿಸುತ್ತಾಳೆ, ಶಾಲೆಗೆ ಹೋಗುತ್ತಾಳೆ, ಬರುತ್ತಾಳೆ, ಅಷ್ಟೇ.

ನಿನಗೆ ಗೊತ್ತಿದ್ದುದನ್ನು ನೀನೇ ಬರೆದು ಹೇಳು. ಪೇಪರಿನವರಿಂದ, ಕೋರ್ಟಿನವರಿಂದ ತಿಳಿಯುವುದಕ್ಕಿಂತ ಅದು ಮೇಲು.

ನಿನ್ನ ಅಪ್ಪ


ನವೆಂಬರ್ 24

ಅಮ್ಮ,

ಅಪ್ಪ ಬರೆದರು. ನಾನು ಮುಚ್ಚಿಡಲು ನೋಡಿದೆ, ಆಗಲಿಲ್ಲ. ಈಗ ನನ್ನ ಬಾಯಿಗೆ ಬೀಗವಿಲ್ಲ, ಎಲ್ಲ ಹೇಳುತ್ತೇನೆ.

ಶಾಲಾ ನಿಧಿ ಆರು ತುಂಬಿದವರಿಗೆ ಮಾತ್ರ ಎನ್ನುವುದರಲ್ಲಿ ಅನುಮಾನವೇ ಇರಲಿಲ್ಲ. ಆ ದಾರಿಯಲ್ಲಿ ಹೋದರೆ ಮೊದಲ ದಿನವೇ ಸೋಲುತ್ತಿದ್ದೆವು. ಆದರೆ ಕಾನೂನಿನಲ್ಲಿ ಇನ್ನೊಂದು ಮಾತಿದೆ. ಕೆಲಸಕ್ಕೆ ಹೋಗುವವರ ಚಿಕ್ಕ ಮಕ್ಕಳ ಪಾಲನೆಗೆ ಪುರಸಭೆ ತನ್ನ ಬೊಕ್ಕಸದಿಂದ ಖರ್ಚು ಮಾಡಬಹುದು, ಅದಕ್ಕೆ ವಯಸ್ಸಿನ ಕಟ್ಟು ಇಲ್ಲ. ಹಾಗಾಗಿ ನಮ್ಮ ವಾದ ಇಷ್ಟೇ ಆಗಿತ್ತು: ಈ ಕೋಣೆ ಶಾಲೆಯಲ್ಲ, ಇಲ್ಲಿ ಪಾಠ ನಡೆಯುವುದಿಲ್ಲ, ನಡೆಯುವುದು ಪಾಲನೆ, ಖರ್ಚನ್ನು ಶಾಲಾ ನಿಧಿಯಿಂದ ತೆಗೆದು ಬೊಕ್ಕಸಕ್ಕೆ ಹಾಕಿದರೆ ಮುಗಿಯಿತು. ಜಡ್ಜ್ ಅದಕ್ಕೆ ಒಲವು ತೋರಿಸಿದ್ದರು. ಒಳಗೆ ನಡೆಯುವುದು ಪಾಠವೋ ಪಾಲನೆಯೋ ನೋಡಿ ಬನ್ನಿ ಎಂದೇ ಕಮಿಷನರ್ ಅವರನ್ನು ಕಳಿಸಿದ್ದು.

ನಿನ್ನ ಮರಳು, ನಿನ್ನ ಬಕೆಟ್ಟು, ಮೇಜಿನ ಕೆಳಗೆ ಮಲಗಿದ ಹುಡುಗಿ, ಅದೇ ನಮ್ಮ ವಾದವಾಗಿತ್ತು ಅಮ್ಮ. ಬೇರೆ ಏನೂ ಇರಲಿಲ್ಲ ನಮ್ಮ ಹತ್ತಿರ.

ಕೋರ್ಟಿನ ಫೈಲಿನಲ್ಲಿ ಇದೆಲ್ಲ ಇತ್ತು, ಯಾರು ಬೇಕಾದರೂ ಹೋಗಿ ಓದಬಹುದಿತ್ತು. ನಿನಗೆ ಹೇಳುವುದು ಮಾತ್ರ ಯಾರ ಕೆಲಸವೂ ಆಗಿರಲಿಲ್ಲ, ನನ್ನದಂತೂ ಅಲ್ಲವೇ ಅಲ್ಲ. ಪೆನ್ಸಿಲ್ ಕೊಟ್ಟೆ ಎಂದು ನೀನು ಬರೆದ ಪತ್ರ ಹಿಡಿದುಕೊಂಡು ಸೀನಿಯರ್ ಹತ್ತಿರ ಓಡಿದೆ. ಅವರು ಓದಿ, ಕನ್ನಡಕ ತೆಗೆದಿಟ್ಟು, ಬಹಳ ಹೊತ್ತು ಕಣ್ಣುಜ್ಜಿಕೊಂಡರು. "ಒಂದು ಮಾತು ಹೇಳಿದ್ರೆ ಕೇಸು ಗೆಲ್ತೀವಿ. ಆ ಮಾತು ಹೊರಗೆ ಬಂದ್ರೆ ಕೇಸೂ ಹೋಗುತ್ತೆ, ನೀನೂ ಹೋಗ್ತೀಯ, ನಿಮ್ಮಮ್ಮನನ್ನೂ ಕಟಕಟೆಗೆ ಹತ್ತಿಸ್ತಾರೆ. ನಾನು ಹೇಳಿಸಿದ್ರೂ ನೀನು ಹೇಳಿದ್ದೇ ಅಂತಾರೆ. ನೀನು ಮಾತು ಕೊಟ್ಟಿರೋದು ಕೋರ್ಟಿಗೆ ಕಣಮ್ಮಾ" ಎಂದರು. ಆ ವಾರ ನಮ್ಮ ಮನೆಯ ಫೋನು ಒಮ್ಮೆ ಬಡಿದು ನಿಂತಿರಬೇಕು. ಅದು ನಾನೇ.

"ಎಂದಿನ ಹಾಗೇ ಇರು" ಎಂದು ಬರೆದದ್ದೇ ಮಾತು ಮೀರಿದ್ದು. ಅಷ್ಟಕ್ಕೇ ನಾನು ಹೆದರಿ ಸತ್ತಿದ್ದೆ. ಇನ್ನೊಂದು ಹೆಜ್ಜೆ ಹೆದರದೆ ಮುಂದೆ ಹೋಗಿದ್ದರೆ ಎಂದು ಈಗ ದಿನವೂ ಅನ್ನಿಸುತ್ತದೆ. ನನ್ನ ಮೇಲೆ ಸಿಟ್ಟಿದೆಯೇ? ಇದ್ದರೆ ಇದೆ ಎಂದೇ ಬರಿ.

ನಿನ್ನ
ಮಗಳು


ಡಿಸೆಂಬರ್ 3

ಮಗಳೇ,

ಸಿಟ್ಟಿದೆ. ಇಲ್ಲ ಅಂತ ಬರೆಯಲು ಎರಡು ದಿನ ಪ್ರಯತ್ನಪಟ್ಟೆ, ಆಗಲಿಲ್ಲ. ಕೊಟ್ಟ ಮಾತು ಉಳಿಸಿಕೊಳ್ಳಬೇಕು ಅಂತ ನಿನಗೆ ಕಲಿಸಿದವಳೂ ನಾನೇ, ಆದ್ದರಿಂದ ಆ ಸಿಟ್ಟನ್ನು ಎಲ್ಲಿ ಇಡಬೇಕೋ ತಿಳಿಯುತ್ತಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಒಂದೇ ನೊಗಕ್ಕೆ ಕಟ್ಟಿದ ನಾವಿಬ್ಬರೂ ಹಾಗಾದೆವು. ನೀನು ಹೇಳದೆ ಸುಮ್ಮನಿದ್ದೆ, ನಾನು ಕೇಳಿಸಿಕೊಳ್ಳದೆ ಕುಣಿದೆ. ಜೀವಮಾನವೆಲ್ಲ ಬೇಡ ಬೇಡ ಅಂದದ್ದನ್ನು ಇದೊಂದೇ ಸಲ ಮಾಡಿದೆ, ಕೋರ್ಟಿನವರು ಅದನ್ನೇ ನೋಡಿದರು. ಕಮಿಷನರಮ್ಮ ಸುಳ್ಳು ಬರೆದಿಲ್ಲ. ಹೊಗಳಿಯೇ ಬರೆದಿದ್ದಾರೆ. ಓದುತ್ತಾ ಹೋದರೆ ನನಗೆ ಬಹುಮಾನ ಕೊಡಬೇಕು ಅನ್ನಿಸುತ್ತದೆ, ಅಷ್ಟು ಹೊಗಳಿದ್ದಾರೆ.

ಹೆಡ್ಮಾಸ್ಟರರು ಬಂದು, "ನಂಗೇನ್ ಗೊತ್ತಿತ್ತು ಟೀಚರ್" ಅಂದರು. ಅವರಿಗೂ ಗೊತ್ತಿರಲಿಲ್ಲ ಪಾಪ. ಕೋಣೆ ಮುಚ್ಚಿದ್ದರಿಂದ ಉಳಿದ ದುಡ್ಡು ಕಾಂಪೌಂಡ್ ಗೋಡೆಗಂತೆ, ಗಣಿತದ ಮೇಷ್ಟ್ರಿಗೆ ಬೇರೆಯೇ ಮಂಜೂರಾತಿ ಬೇಕಂತೆ. ಡ್ರೈವರ್ ಗೇಟಿನ ಹತ್ತಿರ ಬಸ್ ನಿಧಾನ ಮಾಡಿದ, ನನ್ನನ್ನು ನೋಡಿದ, ಹೋದ. ಅವನ ಮೇಲೂ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ.

ಮೊನ್ನೆ ಒಂದನೇ ತಾರೀಖು. ಕೋಣೆಗೆ ಬೀಗ ಬಿದ್ದಿತ್ತು. ತಾಯಂದಿರಿಗೆಲ್ಲ ಮೊದಲೇ ಹೇಳಿದ್ದೆ, ತೀರ್ಪು ಅಂದರೇನು ಅಂತ ತಿಳಿಸಿದ್ದೆ. ಆದರೂ ಬೆಳಗ್ಗೆ ಕೆಲವು ಮಕ್ಕಳು ಬಂದು ಗೇಟಿನ ಆಚೆ ನಿಂತಿದ್ದವು. ಬೇರೆ ಎಲ್ಲಿ ಬಿಡಬೇಕು ಅಂತ ಗೊತ್ತಾಗದೆ ತಾಯಂದಿರು ಅಲ್ಲೇ ಬಿಟ್ಟು ಕೆಲಸಕ್ಕೆ ಓಡಿದ್ದರು. ಗೇಟು ತೆಗೆಯಕೂಡದು ಅಂತ ನನಗೆ ಬರಹದಲ್ಲಿ ಆದೇಶವಿದೆ. ನಾನು ಒಳಗೆ, ಅವು ಹೊರಗೆ. ನಮ್ಮ ಶಾಲೆಯ ಆಯಾ ಒಬ್ಬೊಬ್ಬರನ್ನೇ ಮನೆಗೆ ತಲುಪಿಸಲು ಹೋದಳು. ಕೊನೆಗೆ ಗುಂಡಿ ಒಬ್ಬನೇ ಉಳಿದ. ಕಂಬಿ ಹಿಡಿದು ನಿಂತಿದ್ದ, ಅಂಗಿಗೆ ಒಂದು ಗುಂಡಿಯೂ ಇರಲಿಲ್ಲ.

"ಟೀಚರ್, ನಾನು ತಪ್ಪು ಬರೆದ್ನಾ?" ಅಂತ ಕೇಳಿದ.

"ಇಲ್ಲಪ್ಪಾ, ಚೆನ್ನಾಗಿ ಬರೆದೆ" ಅಂದೆ.

"ಇನ್ನೂ ಚೆನ್ನಾಗಿ ಬರೀತೀನಿ. ಉಲ್ಟಾ ಬರೆಯಲ್ಲ. ಅಳಲ್ಲ. ಬಾಗಿಲು ತೆಗೀರಿ ಟೀಚರ್."

ಅವನಿಗೆ ನಾನು ಏನು ಹೇಳಬೇಕಿತ್ತು? ನೀನು ಕಾನೂನು ಓದಿದವಳು, ಹೇಳು.

ಅಮ್ಮ